ಅಮ್ಮೆಂಬಳ ಸುಬ್ಬರಾವ್ ಪೈ: ಊರ ಹಣಕ್ಕೆ ಊರಲ್ಲೇ ಕಾವಲು

ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿದ್ದ ಕಾಲ. ಮದುವೆಗಾಗಲಿ, ಬಿತ್ತನೆಗಾಗಲಿ ಹಣ ಬೇಕಾದವನಿಗೆ ಸಾಹುಕಾರನ ಜಗಲಿಯೇ ಗತಿ. ಬಡ್ಡಿ ಬೆಳೆದು ಅಡವಿಟ್ಟ ಭೂಮಿ ಕೈಬಿಡುತ್ತಿತ್ತು. ಈ ಸಂಕಟವನ್ನು ಕಂಡು ದಾರಿ ಹುಡುಕಿದ ಮಹನೀಯರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಒಬ್ಬರು.

1852ರ ನವೆಂಬರ್ 19ರಂದು ಮೂಲ್ಕಿಯಲ್ಲಿ ಜನಿಸಿದ ಪೈಗಳು ಮದ್ರಾಸಿನಲ್ಲಿ ಓದಿ, ಮಂಗಳೂರಿಗೆ ಮರಳಿ ವಕೀಲಿ ವೃತ್ತಿ ಹಿಡಿದರು. ಒಳ್ಳೆಯ ಹೆಸರು, ಸಂಪಾದನೆ ಎರಡೂ ಬಂದವು. ಆದರೆ ಅವರ ಮನಸ್ಸು ಅಷ್ಟಕ್ಕೇ ತೃಪ್ತವಾಗಲಿಲ್ಲ. 1891ರಲ್ಲಿ ಕೆನರಾ ಹೈಸ್ಕೂಲನ್ನೂ, 1894ರಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನೂ ಸ್ಥಾಪಿಸಿದರು. ವಿದ್ಯೆಯ ಜೊತೆಗೆ ಉಳಿತಾಯದ ಅಭ್ಯಾಸವೂ ಬಾರದೆ ಸಮಾಜ ಮೇಲೇಳದೆಂದು ಅರಿತು, 1906ರ ಜುಲೈ 1ರಂದು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಆರಂಭಿಸಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರೂ ಒಂದು ಬ್ಯಾಂಕನ್ನು ಕಟ್ಟಿದ್ದರು.

ಫಂಡಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ. ಅಕ್ಟೋಬರ್ 22ರಂದು ಮದ್ರಾಸಿನ ಹೆಸರಾಂತ ಅರ್ಬತ್‌ನಾಟ್ ಕಂಪೆನಿ ಬಾಗಿಲು ಹಾಕಿತು. ಆಗ ಮಂಗಳೂರು, ಕಾಸರಗೋಡಿನಿಂದ ಹಿಡಿದು ಹೊಸೂರಿನ ಕಡೆಯ ಉದ್ದನಪಲ್ಲಿಯವರೆಗೆ ಎಲ್ಲವೂ ಒಂದೇ ಮದ್ರಾಸ್ ಪ್ರಾಂತ್ಯ. ಬಿಳಿಯರ ಕಂಪೆನಿ ಮುಳುಗದೆಂದು ನಂಬಿ ಪಿಂಚಣಿದಾರರು, ವಿಧವೆಯರು, ಗುಮಾಸ್ತರು ಜೀವಮಾನದ ಗಳಿಕೆಯನ್ನು ಅಲ್ಲಿಟ್ಟಿದ್ದರು. ಆ ಹಣ ಲಂಡನ್ನಿನ ಸಟ್ಟಾ ವ್ಯವಹಾರದಲ್ಲಿ ಕರಗಿತ್ತು. ಅಲ್ಲಿನ ಪಾಲುದಾರ ಆತ್ಮಹತ್ಯೆ ಮಾಡಿಕೊಂಡ. ಮದ್ರಾಸಿನ ಸರ್ ಜಾರ್ಜ್ ಅರ್ಬತ್‌ನಾಟ್ ಸೆರೆಮನೆ ಸೇರಿದ. ಆದರೆ ಠೇವಣಿದಾರರ ಮನೆಯ ಕಣ್ಣೀರು ಅದರಿಂದ ಒರೆಸಿ ಹೋಗಲಿಲ್ಲ. ಈ ಆಘಾತದಿಂದ ಎಚ್ಚೆತ್ತು ವಕೀಲ ವಿ. ಕೃಷ್ಣಸ್ವಾಮಿ ಅಯ್ಯರರೇ ಮೊದಲಾದವರು 1907ರಲ್ಲಿ ಇಂಡಿಯನ್ ಬ್ಯಾಂಕನ್ನು ಕಟ್ಟಿದರು.

ದೊಡ್ಡ ಕಂಪೆನಿಯೇ ಬಿದ್ದಾಗ ಪುಟ್ಟ ಫಂಡನ್ನು ನಂಬುವುದೆಂತು? ಬ್ಯಾಂಕಿನ ಕಷ್ಟವೇ ಇದು. ಇಟ್ಟವರು ಯಾವಾಗ ಬೇಕಾದರೂ ಕೇಳಬಹುದು; ಕೊಟ್ಟ ಸಾಲ ಮಾತ್ರ ನಿಧಾನವಾಗಿ ಬರುತ್ತದೆ. ಸಂಶಯ ಹಬ್ಬಿ ಎಲ್ಲರೂ ಒಮ್ಮೆಲೇ ಬಂದರೆ ಗಟ್ಟಿ ಬ್ಯಾಂಕೂ ನಿಲ್ಲದು. ಆಗ ಬೆನ್ನಿಗೆ ನಿಲ್ಲಲು ರಿಸರ್ವ್ ಬ್ಯಾಂಕೂ ಇರಲಿಲ್ಲ, ಠೇವಣಿಗೆ ವಿಮೆಯೂ ಇರಲಿಲ್ಲ. ಫಂಡಿಗಿದ್ದ ಆಸ್ತಿಯೆಂದರೆ ಸ್ಥಾಪಕರ ಮೇಲಿನ ಜನರ ವಿಶ್ವಾಸ.

1909ರ ಜುಲೈ 25ರಂದು ಪೈಗಳು ನಿಧನರಾದರು. ಮರುವರ್ಷ ಫಂಡು ಕೆನರಾ ಬ್ಯಾಂಕ್ ಆಯಿತು. 1913ರಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕಿನೊಡನೆ ಆರಂಭವಾದ ಕುಸಿತದಲ್ಲಿ ಅನೇಕ ಸ್ವದೇಶಿ ಬ್ಯಾಂಕುಗಳು ಕೊಚ್ಚಿಹೋದರೂ ಅದು ಉಳಿಯಿತು. 1960ರಲ್ಲಿ ಕೇರಳದ ಪಾಲಾ ಸೆಂಟ್ರಲ್ ಬ್ಯಾಂಕ್ ಮುಳುಗಿದ ಬಳಿಕವೇ, 1962ರಿಂದ, ಠೇವಣಿ ವಿಮೆ ಜಾರಿಗೆ ಬಂತು. ಅಂದು 1,500 ರೂಪಾಯಿಯಿದ್ದ ಅದರ ಮಿತಿ 2020ರಲ್ಲಿ 5 ಲಕ್ಷಕ್ಕೇರಿತು.

ಕಾನೂನಿನ ಈ ರಕ್ಷಣೆ ಬೇಕೇ ಬೇಕು. ಆದರೆ ಪರರ ಹಣವನ್ನು ತನ್ನದೆಂದು ಬಗೆಯದ ಪ್ರಾಮಾಣಿಕತೆಗೆ ಅದು ಬದಲಿಯಲ್ಲ. ಪೈಗಳ ಬದುಕು ನಮಗೆ ನೆನಪಿಸುವುದು ಇದನ್ನೇ.