ಮರುತ್ ವಿಮಾನದ ಶಿಲ್ಪಿ

ಶಿಲ್ಪಿಯ ಹೆಸರು ಆತನ ಕೃತಿಯೊಡನೆ ಉಳಿಯುತ್ತದೆ; ಆ ಕೃತಿಯನ್ನು ಮಾಡಿಸಿದವರ ಪಾಪಪುಣ್ಯಗಳೂ ಅದರೊಡನೆಯೇ ಬರುತ್ತವೆ. ಗುಡಿಯನ್ನು ಕಟ್ಟಿದವನ ವಿಷಯದಲ್ಲಿ ನಾವು ಇದನ್ನು ಅಷ್ಟಾಗಿ ಯೋಚಿಸುವುದಿಲ್ಲ. ಯುದ್ಧವಿಮಾನವನ್ನು ಕಲ್ಪಿಸಿದವನ ವಿಷಯದಲ್ಲಾದರೋ ಯೋಚಿಸದೆ ವಿಧಿಯಿಲ್ಲ. ಮೂರು ಖಂಡಗಳಲ್ಲಿ ಮೂರು ಪ್ರಭುತ್ವಗಳಿಗೆ ವಿಮಾನಗಳನ್ನು ರಚಿಸಿಕೊಟ್ಟು, ಅವುಗಳಲ್ಲಿ ಕಡೆಯದನ್ನು ಬೆಂಗಳೂರಿನಲ್ಲಿ ರೂಪಿಸಿದ ಜರ್ಮನಿಯ ಕುರ್ಟ್ ಟ್ಯಾಂಕ್‌ನ ಬಾಳು ಈ ಮಾತಿಗೆ ನಿದರ್ಶನವಾಗಿದೆ.

ಆತ ಹುಟ್ಟಿದ್ದು 1898ರಲ್ಲಿ, ಅಂದು ಪ್ರಷ್ಯಕ್ಕೆ ಸೇರಿದ್ದು ಇಂದು ಪೋಲೆಂಡಿನಲ್ಲಿರುವ ಬ್ರೊಂಬೆರ್ಗ್ ಪಟ್ಟಣದಲ್ಲಿ. ಪ್ರಥಮ ಮಹಾಯುದ್ಧದಲ್ಲಿ ವಿಮಾನದಳವನ್ನು ಸೇರಬೇಕೆಂದು ತರುಣನ ಹಂಬಲ. ತಂದೆಯ ಇಚ್ಛೆಗೆ ಮಣಿದು ಸೇರಿದ್ದು ಅಶ್ವದಳವನ್ನು. ಯುದ್ಧ ಮುಗಿದ ಮೇಲೆ ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ವಿದ್ಯುತ್‌ಶಾಸ್ತ್ರವನ್ನು ಓದುತ್ತ, ಸಹಪಾಠಿಗಳೊಡನೆ ಎಂಜಿನಿಲ್ಲದ ತೇಲುವಿಮಾನಗಳನ್ನು ಕಟ್ಟಿದ. 1931ರಲ್ಲಿ ಬ್ರೆಮೆನ್ ನಗರದ ಫೋಕೆ-ವುಲ್ಫ್ ಕಾರ್ಖಾನೆಯನ್ನು ಸೇರಿದ. ತಾನು ರಚಿಸಿದ ವಿಮಾನವನ್ನು ತಾನೇ ಹಾರಿಸಿ ಪರೀಕ್ಷಿಸುವುದು ಆತನ ಪದ್ಧತಿ. ಆತನ ಕಾಂಡರ್ ಎಂಬ ಪ್ರಯಾಣವಿಮಾನವು 1938ರ ಆಗಸ್ಟಿನಲ್ಲಿ ಬರ್ಲಿನ್ನಿನಿಂದ ಹೊರಟು, ನಡುವೆ ಎಲ್ಲಿಯೂ ಇಳಿಯದೆ, ಸುಮಾರು 25 ಗಂಟೆಗಳಲ್ಲಿ ನ್ಯೂಯಾರ್ಕನ್ನು ಮುಟ್ಟಿ ಜಗತ್ತನ್ನು ಬೆರಗುಗೊಳಿಸಿತು.

ಆತನಿಗೆ ಹೆಸರು ತಂದುಕೊಟ್ಟದ್ದು ಫೋಕೆ-ವುಲ್ಫ್ 190. ಅಶ್ವದಳದ ಅನುಭವ ಇಲ್ಲಿ ಫಲಿಸಿತು. ಜೂಜಿನ ಕುದುರೆಯಂಥ ನಾಜೂಕಿನ ವಿಮಾನ ಆತನಿಗೆ ಬೇಡವಾಗಿತ್ತು. ಕೆಸರಿನಲ್ಲಿ ನಿಂತು, ಸಿಕ್ಕಿದ್ದನ್ನು ತಿಂದು, ಪೆಟ್ಟು ಬಿದ್ದರೂ ಸವಾರನನ್ನು ಮರಳಿ ತರುವ ದಂಡಿನ ಕುದುರೆ ಬೇಕಾಗಿತ್ತು. ಅದಕ್ಕಾಗಿಯೇ ಚಕ್ರಗಳನ್ನು ಅಗಲವಾಗಿ ಇರಿಸಿದ. ಗಾಳಿಯಿಂದಲೇ ತಣಿಯುವ ಎಂಜಿನನ್ನು ಆರಿಸಿದ. 1939ರ ಜೂನ್ 1ರಂದು ಮೊದಲು ಹಾರಿದ ಈ ವಿಮಾನ 1941ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಕಾಣಿಸಿಕೊಂಡಾಗ, ಬ್ರಿಟಿಷರ ಅಂದಿನ ಸ್ಪಿಟ್‌ಫೈರ್ ಇದಕ್ಕೆ ಸರಿಸಾಟಿಯಾಗಲಿಲ್ಲ. ಯುದ್ಧ ಮುಗಿಯುವುದರೊಳಗೆ ಸುಮಾರು 20,000 ವಿಮಾನಗಳು ತಯಾರಾದವು.

ಆದರೆ ಈ ಕೌಶಲವು ಹಿಟ್ಲರನ ಸೇವೆಗೆ ಸಂದಿತೆಂಬುದನ್ನು ಮರೆಯಲಾಗದು. ಶಾಂತಿಕಾಲದಲ್ಲಿ ಸಾಗರವನ್ನು ದಾಟಿ ಹೊಗಳಿಸಿಕೊಂಡ ಕಾಂಡರ್, ಯುದ್ಧಕಾಲದಲ್ಲಿ ಅದೇ ಸಾಗರದ ಮೇಲೆ ಹಡಗುಗಳನ್ನು ಮುಳುಗಿಸಿತು. ಜರ್ಮನಿಯ ವಿಮಾನ ಕಾರ್ಖಾನೆಗಳಲ್ಲಿ ಸೆರೆಯಾಳುಗಳು ಬಲವಂತದ ದುಡಿಮೆ ಮಾಡಿದರು. ಕುಶಲಿಯು ತನ್ನ ಕಸುಬನ್ನಷ್ಟೇ ಮಾಡಿದನೆಂಬ ಸಮಾಧಾನ ಇಲ್ಲಿ ಸಾಲದು.

ಸೋತ ಜರ್ಮನಿಯಲ್ಲಿ ವಿಮಾನ ನಿರ್ಮಾಣಕ್ಕೆ ಅವಕಾಶವಿರಲಿಲ್ಲ. ಟ್ಯಾಂಕ್ 1947ರಲ್ಲಿ ಬೇರೊಂದು ಹೆಸರಿನಲ್ಲಿ ಅರ್ಜೆಂಟೀನವನ್ನು ಸೇರಿ, ಕಾರ್ಡೋಬ ನಗರದಲ್ಲಿ ಪುಲ್ಕಿ-2 ಎಂಬ ಜೆಟ್ ವಿಮಾನವನ್ನು ರಚಿಸಿದ. ಅದು 1950ರಲ್ಲಿ ಹಾರಿತು. 1955ರಲ್ಲಿ ಅಧ್ಯಕ್ಷ ಪೆರೋನ್ ಪದಚ್ಯುತನಾದಾಗ ಆಶ್ರಯವೂ ತಪ್ಪಿತು, ಸಂಗಡಿಗರೂ ಚದುರಿದರು.

ಆಗ ಕರೆದದ್ದು ಭಾರತ. ಬೆಂಗಳೂರಿನಲ್ಲಿ 1940ರಲ್ಲಿ ಆರಂಭವಾಗಿದ್ದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ಅಷ್ಟರಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಹೆಚ್.ಟಿ.-2 ಎಂಬ ತರಬೇತಿ ವಿಮಾನವನ್ನು ರಚಿಸಿತ್ತು. ಜೆಟ್ ಯುದ್ಧವಿಮಾನದ ಅನುಭವ ಮಾತ್ರ ಅಲ್ಲಿರಲಿಲ್ಲ. 1956ರಲ್ಲಿ ಬಂದ ಟ್ಯಾಂಕ್ ಮೊದಲು ಅದೇ ಆಕಾರದ ಮರದ ತೇಲುವಿಮಾನವೊಂದನ್ನು ಮಾಡಿಸಿ, ಡಕೋಟ ವಿಮಾನದ ಹಿಂದೆ ಕಟ್ಟಿ ಹಾರಿಸಿ, ಗುಣದೋಷಗಳನ್ನು ಪರೀಕ್ಷಿಸಿದ. 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ಹೆಚ್.ಎಫ್.-24ನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ಅದಕ್ಕೆ ಇಟ್ಟ ಹೆಸರು ಮರುತ್, ಎಂದರೆ ವೇದಗಳ ವಾಯುದೇವತೆ.

ಹೆಸರು ವಾಯುವಿನದು; ಕೊರತೆಯಾದದ್ದು ಉಸಿರು. ಟ್ಯಾಂಕ್ ನಂಬಿದ್ದ ಬಲವಾದ ಬ್ರಿಟಿಷ್ ಎಂಜಿನು ಹಣದ ತೊಡಕಿನಿಂದ ಪೂರ್ಣವಾಗಲೇ ಇಲ್ಲ. ಸಿಕ್ಕಿದ ಆರ್ಫಿಯಸ್ ಎಂಜಿನುಗಳು ಆ ಒಡಲಿಗೆ ಸಾಲದಾದವು. ಶಬ್ದದ ವೇಗವನ್ನು ಬಹುವಾಗಿ ಮೀರಬೇಕಾಗಿದ್ದ ವಿಮಾನಕ್ಕೆ ಆ ವೇಗವನ್ನು ಮುಟ್ಟುವಷ್ಟರಲ್ಲಿಯೇ ಕಸುವು ತೀರುತ್ತಿತ್ತು. ಎಂಜಿನಿನ ಬಲವನ್ನು ಹೆಚ್ಚಿಸುವ ಪ್ರಯತ್ನದಲ್ಲಿದ್ದ ಮರುತ್ ಒಂದು 1970ರ ಜನವರಿಯಲ್ಲಿ ಅಪಘಾತಕ್ಕೀಡಾಗಿ ದಾಸ್ ಅವರನ್ನೇ ಬಲಿ ತೆಗೆದುಕೊಂಡಿತು. ಬೆಂಗಳೂರಿನ ಒಂದು ರಸ್ತೆ ಅವರ ಹೆಸರನ್ನು ಹೊತ್ತಿದೆ. ಆದರೂ 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಮರುತ್ ಕೆಲಸಕ್ಕೆ ಬಂತು. ಒಟ್ಟು 147 ವಿಮಾನಗಳು ತಯಾರಾದವು. 1990ರ ವೇಳೆಗೆ ಅವು ಸೇವೆಯಿಂದ ನಿವೃತ್ತವಾದವು.

ಟ್ಯಾಂಕ್ ಸ್ವದೇಶಕ್ಕೆ ಮರಳಿ 1983ರ ಜೂನ್‌ನಲ್ಲಿ ಮ್ಯೂನಿಕ್ ನಗರದಲ್ಲಿ ತೀರಿಕೊಂಡ. ಆತನನ್ನು ಸಂತನೆಂದು ಪೂಜಿಸಬೇಕಾಗಿಲ್ಲ. ಆತ ಕಲಿಸಿದ್ದನ್ನು ಅಲ್ಲಗಳೆಯಲೂ ಬೇಕಾಗಿಲ್ಲ. ಒಡಲನ್ನು ಕಲ್ಪಿಸುವ ವಿದ್ಯೆ ಆತನ ಕಾಲದಲ್ಲಿ ಬೆಂಗಳೂರಿನಲ್ಲಿ ಬೇರೂರಿತು. ಉಸಿರನ್ನು ತುಂಬುವ ವಿದ್ಯೆಯನ್ನು ಹೊರಗಿನವರು ಧಾರೆಯೆರೆದು ಕೊಡುವುದಿಲ್ಲ. 2001ರಲ್ಲಿ ಇದೇ ಬೆಂಗಳೂರಿನಿಂದ ಮೊದಲು ಹಾರಿದ ತೇಜಸ್‌ಗೂ ಎಂಜಿನು ಅಮೆರಿಕದಿಂದಲೇ ಬಂದಿತ್ತು. ಮರುತ್ ಕಲಿಸಿದ ಪಾಠದ ಉತ್ತರಾರ್ಧವನ್ನು ನಾವೇ ಓದಿ ಮುಗಿಸಬೇಕಾಗಿದೆ.