ಪದ್ಮನಾಭನ್ ಪಲ್ಪು

ಡಾ. ಪದ್ಮನಾಭನ್ ಪಲ್ಪು (2 ನವೆಂಬರ್ 1863 – 25 ಜನವರಿ 1950) ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ವೈದ್ಯರು ಹಾಗೂ ಕೇರಳದ ಸಮಾಜ ಸುಧಾರಕರು.

ಜನನ ಮತ್ತು ಶಿಕ್ಷಣ

ಇವರು ತಿರುವನಂತಪುರದ ಈಳವ ಕುಟುಂಬವೊಂದರಲ್ಲಿ ಜನಿಸಿದರು. ತಿರುವಾಂಕೂರು ಸಂಸ್ಥಾನದ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಜಾತಿಯ ಕಾರಣದಿಂದ ಪ್ರವೇಶ ದೊರೆಯಲಿಲ್ಲ. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಓದಿ ಎಲ್.ಎಂ.ಎಸ್. ಅರ್ಹತೆ ಪಡೆದ ಮೇಲೂ ಸಂಸ್ಥಾನವು ಅವರಿಗೆ ಉದ್ಯೋಗ ನೀಡಲಿಲ್ಲ. ವೈದ್ಯವೃತ್ತಿಗೆ ಬೇಕಾದ ಅರ್ಹತಾಪತ್ರಕ್ಕೆ ಹುಟ್ಟೂರಿನಲ್ಲಿ ಮನ್ನಣೆ ಸಿಗಲಿಲ್ಲ.

ಬೆಂಗಳೂರಿನಲ್ಲಿ ಸೇವೆ

ಅನಂತರ ಮೈಸೂರು ಸರ್ಕಾರದ ಸೇವೆಗೆ ಸೇರಿ, ಬೆಂಗಳೂರಿನ ಸಿಡುಬು ಲಸಿಕೆ ಸಂಸ್ಥೆಯಲ್ಲಿ ಕೆಲಸ ಮಾಡಿದರು. 1898ರಲ್ಲಿ ನಗರದಲ್ಲಿ ಪ್ಲೇಗ್ ಹರಡಿ ಜನರು ಮನೆ ತೊರೆಯತೊಡಗಿದಾಗ, ಪ್ಲೇಗ್ ಶಿಬಿರಗಳ ಹೊಣೆ ಹೊತ್ತು ರೋಗಿಗಳ ಆರೈಕೆ ನಡೆಸಿದರು. ಆ ಕಾಲದಲ್ಲಿ ರೋಗಕ್ಕೆ ಖಚಿತ ಔಷಧವಿರಲಿಲ್ಲ. ರೋಗಿಗಳನ್ನು ಪ್ರತ್ಯೇಕವಾಗಿರಿಸುವುದು ಹಾಗೂ ನೈರ್ಮಲ್ಯ ಕಾಪಾಡುವುದು ಮುಖ್ಯ ಉಪಾಯಗಳಾಗಿದ್ದವು. ಮುಂದೆ ಇಂಗ್ಲೆಂಡಿನಲ್ಲಿ ಸಾರ್ವಜನಿಕ ಆರೋಗ್ಯದ ಉನ್ನತ ವ್ಯಾಸಂಗ ಮಾಡಿದರು.

ಸಾಮಾಜಿಕ ಹೋರಾಟ

ಸರ್ಕಾರಿ ಶಾಲೆ ಮತ್ತು ಹುದ್ದೆಗಳಲ್ಲಿ ಈಳವರಿಗೂ ಅವಕಾಶ ನೀಡಬೇಕೆಂದು ಕೋರಿ 1896ರಲ್ಲಿ 13,176 ಜನರ ಸಹಿಯುಳ್ಳ ಮನವಿಯನ್ನು ತಿರುವಾಂಕೂರಿನ ಮಹಾರಾಜರಿಗೆ ಸಲ್ಲಿಸಿದರು. 1903ರಲ್ಲಿ ನಾರಾಯಣ ಗುರುಗಳ ಅಧ್ಯಕ್ಷತೆಯಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನಾ ಯೋಗಂ ಸ್ಥಾಪನೆಯಾಗಲು ಪ್ರಮುಖ ಕಾರಣರಾದರು. ತತ್ವಜ್ಞಾನಿ ನಟರಾಜ ಗುರು ಇವರ ಪುತ್ರರು.