ವಿ. ಸ. ಪಾಗೆ: ಕೂಲಿಗೆ ಹಕ್ಕಿನ ಸ್ಥಾನ ತಂದವರು

ಮರಾಠಿಯ ‘ಹಮಿ’ ಎಂಬ ಪದಕ್ಕೆ ಕನ್ನಡದಲ್ಲಿ ‘ಖಾತರಿ’ ಎನ್ನಬಹುದು. ನೆರವು ಬೇರೆ, ಹಮಿ ಬೇರೆ. ನೆರವು ಕೊಡುವವನ ಮನಸ್ಸಿಗೆ ಸೇರಿದ್ದು. ಹಮಿ ಕೊಟ್ಟವನನ್ನೇ ಕಟ್ಟಿಹಾಕುವಂಥದ್ದು. ಈ ವ್ಯತ್ಯಾಸವನ್ನು ಮಹಾರಾಷ್ಟ್ರದ ಕಾನೂನಿನೊಳಗೆ ತಂದವರು ವಿಠ್ಠಲ ಸಖಾರಾಮ ಪಾಗೆ.

1910ರಲ್ಲಿ ಜನಿಸಿದ ಪಾಗೆಯವರು ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡವರು, ಸಂತವಾಙ್ಮಯದ ಅಭ್ಯಾಸಿಗಳು. 1960ರಿಂದ 1978ರವರೆಗೆ ವಿಧಾನ ಪರಿಷತ್ತಿನ ಸಭಾಪತಿಗಳಾಗಿದ್ದರು. ಆದರೆ ಅವರ ಚಿಂತನೆ ಬೇರೂರಿದ್ದು ಸಾಂಗಲಿ ಜಿಲ್ಲೆಯ ಒಣಭೂಮಿಯಲ್ಲಿ. ನಮ್ಮ ಕನ್ನಡದ ಜತ್ತ ತಾಲೂಕೂ ಅದೇ ಜಿಲ್ಲೆಯದು. 1965ರಲ್ಲಿ ತಾಸಗಾಂವ ತಾಲೂಕಿನ ವಿಸಾಪುರ ಸುತ್ತಲಿನ ಹಳ್ಳಿಗಳಲ್ಲಿ, ದುಡಿಯಲು ಬಂದವರಿಗೆಲ್ಲ ಕೆಲಸ ಕೊಡುವ ಪ್ರಯೋಗ ಅವರ ಪ್ರೇರಣೆಯಿಂದ ನಡೆಯಿತು.

ಬ್ರಿಟಿಷರ ಕಾಲದ ಕ್ಷಾಮ ಸಂಹಿತೆಯಲ್ಲಿ ಸರಕಾರ ಮೊದಲು ಬರವೆಂದು ಸಾರಬೇಕಿತ್ತು, ಆಮೇಲೆ ಕಾಮಗಾರಿ. ಮಳೆ ಬಂದ ವರ್ಷವೂ ಒಲೆ ಹೊತ್ತದ ಮನೆಗೆ ಅದರಲ್ಲಿ ಸ್ಥಾನವಿರಲಿಲ್ಲ. 1972ರ ಭೀಕರ ಬರಗಾಲದಲ್ಲಿ ಕಲ್ಲೊಡೆಯುವ, ಮಣ್ಣು ಹೊರುವ ಕೆಲಸಕ್ಕೆ ಜನ ಮುಗಿಬಿದ್ದರು. 1973ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ಹಾಗೆ ದುಡಿದವರು ಸುಮಾರು 50 ಲಕ್ಷ. ಬರ ಕಳೆದ ಮೇಲೂ ಆ ಬಾಗಿಲು ಮುಚ್ಚಬಾರದೆಂಬುದು ಪಾಗೆಯವರ ಹಟ.

1977ರಲ್ಲಿ ಶಾಸನಸಭೆ ಅಂಗೀಕರಿಸಿದ ಉದ್ಯೋಗ ಖಾತರಿ ಕಾಯ್ದೆ 1979ರ ಜನವರಿ 26ರಂದು ಜಾರಿಗೆ ಬಂದಿತು. ಬಡವನೆಂದು ಸಾಬೀತುಪಡಿಸುವ ದಾಖಲೆಯನ್ನು ಅದು ಕೇಳಲಿಲ್ಲ. ಹಳ್ಳಿಯ ವಯಸ್ಕ ವ್ಯಕ್ತಿ ಮೈಮುರಿದು ದುಡಿಯಲು ಸಿದ್ಧನಿದ್ದರೆ ಸಾಕಿತ್ತು. ಹದಿನೈದು ದಿನಗಳೊಳಗೆ ಕೆಲಸ ಸಿಗದಿದ್ದರೆ ಭತ್ಯೆ, ದಿನಕ್ಕೆ ಕನಿಷ್ಠ ಒಂದು ರೂಪಾಯಿ. ಮೊತ್ತ ನಗೆ ತರಿಸುವಂಥದ್ದು, ನಿಜ. ಆದರೆ ತಪ್ಪಿದ್ದು ಯಾರು ಎಂಬ ಲೆಕ್ಕ ಅಲ್ಲಿ ಬಡವನ ತಲೆಗೆ ಬರಲಿಲ್ಲ. ಹಣ ಒದಗಿಸಲು ನೌಕರಿ ಹಾಗೂ ವೃತ್ತಿಯವರ ಮೇಲೆ ವೃತ್ತಿ ತೆರಿಗೆ ವಿಧಿಸಿದರು. ನಗರದ ಸಂಬಳದಿಂದ ಹಳ್ಳಿಯ ಕೂಲಿಗೆ ಹೀಗೆ ದಾರಿಯಾಯಿತು.

ಕೊರತೆಯೂ ಇತ್ತು. ಗುದ್ದಲಿ ಎತ್ತಲಾಗದ ಮುದುಕರಿಗೆ, ಕಾಯಿಲೆಯವರಿಗೆ ಈ ಹಕ್ಕಿನಿಂದ ಏನೂ ಒದಗಲಿಲ್ಲ. ಬೆವರನ್ನೇ ಅರ್ಹತೆಯಾಗಿಸಿದ ಯೋಜನೆಗೆ ಇದು ಹುಟ್ಟಿನಿಂದಲೇ ಬಂದ ಮಿತಿಯೆಂದು ನನಗನ್ನಿಸುತ್ತದೆ.

ಪಾಗೆಯವರು 1990ರಲ್ಲಿ ತೀರಿಕೊಂಡರು. 2005ರಲ್ಲಿ ಸಂಸತ್ತು ಇಡೀ ದೇಶಕ್ಕೆ ಇಂಥದೇ ಕಾಯ್ದೆ ಮಾಡಿದಾಗ ಹದಿನೈದು ದಿನಗಳ ಗಡುವು ಉಳಿಯಿತು. ಆದರೆ ಒಬ್ಬೊಬ್ಬ ವಯಸ್ಕರಿಗೂ ಇದ್ದ ಹಕ್ಕು ಇಡೀ ಕುಟುಂಬಕ್ಕೆ ಒಂದಾಯಿತು. ಪಾಗೆಯವರ ಕಾಯ್ದೆಯಲ್ಲಿರದಿದ್ದ ವರ್ಷಕ್ಕೆ ನೂರು ದಿನಗಳ ಮಿತಿಯೂ ಬಂದಿತು.